ಪುತ್ತಾಕ್ ಎನ್ನಬಾರದ ವರ್ಷಗಳು

ಅಮ್ಮಸ್ಸಾಲಿಕ್
12 ಆಗಸ್ಟ್ 1930

ಯುಸ್ತಿನೆ ಅತ್ತಿಗೆಗೆ ಸಾಲೊಮಿನೆ ಬರೆಯುವುದು.

ಹಡಗು ನಿನ್ನೆ ಬಂತು, ನಾಳಿದ್ದು ಹೊರಡುತ್ತದಂತೆ. ನಿನ್ನ ಕಾಗದ ಓದಿ ಮುಗಿಸುವಷ್ಟರಲ್ಲೇ ಉತ್ತರವನ್ನೂ ಬರೆದು ಕೊಡಬೇಕು. ಈ ವರ್ಷ ನಾನು ಬರೆದದ್ದು ನಿನಗೆ ಬರುವ ವರ್ಷ ಸಿಗುತ್ತದೆ, ಅದಕ್ಕೆ ನೀನು ಬರೆದದ್ದು ನನಗೆ ಅದರ ಮುಂದಿನ ವರ್ಷ. ನಿಮ್ಮ ಕಡಲಿನ ಮಂಜುಗಡ್ಡೆ ಮಾತ್ರ ಯಾರನ್ನೂ ಕೇಳದೆ ನೆಟ್ಟಗೆ ತೇಲಿಕೊಂಡು ನಮ್ಮ ಊರಿನ ಮುಂದೆ ಬಂದು ನಿಲ್ಲುತ್ತದೆ. ಕಾಗದವೋ, ಕೋಪನ್‌ಹೇಗನ್ ಸುತ್ತಿ, ಅಲ್ಲೊಂದು ಚಳಿಗಾಲ ಮಲಗೆದ್ದು ಬರಬೇಕು.

ನೀವು ಉತ್ತರದ ಹೊಸ ಊರಿಗೆ ಹೋಗಿ ಐದು ವರ್ಷವಾಯಿತು. ವಾಲ್ರಸ್ ಮಾಂಸ ತಿಂದು ತಿಂದು ಬೇಸರವಾಗಿದೆ ಎಂದು ಬರೆದಿದ್ದೀಯಲ್ಲ, ಹೊಟ್ಟೆ ಉರಿಸಬೇಡ. ಇಲ್ಲಿ ಒಣಮೀನೇ ಗತಿ.

ಈ ಬೇಸಿಗೆ ಪುತ್ತಾಕ್‌ಗಳು ಬಹಳ ಬಂದಿವೆ. ಒಂದೊಂದು ಮಂಜುಗಡ್ಡೆಯೂ ಮನೆಯ ನೆಲದಷ್ಟು ಅಗಲ, ಚಪ್ಪಟೆ, ಅಂಚು ನೀಲಿ. ಮಕ್ಕಳು ಒಂದರಿಂದ ಒಂದಕ್ಕೆ ಹಾರುತ್ತಿದ್ದರೆ ನಾನು ಸೀಲ್ ಚರ್ಮ ಹೆರೆಯುವುದನ್ನು ಬಿಟ್ಟು ನೋಡುತ್ತ ಕೂರುತ್ತೇನೆ. ನಮ್ಮ ಕಾಲ ನೆನಪಿದೆಯೇ? ನೀರಿಗೆ ಬಿದ್ದವರು ಒದ್ದೆ ಚಲ್ಲಣದಲ್ಲೇ ಊರಿನ ನಡುವೆ ನಡೆದು ಮನೆಗೆ ಹೋಗಬೇಕಿತ್ತು. ನಾನು ಎಷ್ಟು ಸಲ ಹಾಗೆ ನಡೆದೆನೋ ಲೆಕ್ಕವಿಲ್ಲ. ನೀನು ಎರಡು ಸಲ. ಪುತ್ತಾಕಣ್ಣ ಒಮ್ಮೆಯೂ ಇಲ್ಲ. ಅವ್ವ ಅವನಿಗೆ ಆ ಹೆಸರಿಟ್ಟ ಮೇಲೆ ಅವನು ಬಿದ್ದಾನೆಯೇ! ದೊಡ್ಡಣ್ಣ ಎನೋಕ್ ದಡದಲ್ಲೇ ನಿಂತು ಕೋಲಿನಿಂದ ಮೂರು ಸಲ ಕುಟ್ಟಿ ನೋಡುತ್ತಿದ್ದ. ನಾಲ್ಕನೆಯ ಸಲ ಕುಟ್ಟುವಷ್ಟರಲ್ಲಿ ಆ ಪುತ್ತಾಕ್ ಮುಂದೆ ಹೋಗಿಬಿಟ್ಟಿರುತ್ತಿತ್ತು. ಆಗಿನ್ನೂ ನೀನು ನಮ್ಮ ಮನೆಯ ಸೊಸೆಯಾಗಿರಲಿಲ್ಲ. "ಎನೋಕ್, ನೀನು ಕುಟ್ಟೋದ್ರೊಳಗೆ ಬೇಸಿಗೇನೇ ಮುಗಿದೋಗತ್ತೆ ಕಣೋ" ಎಂದು ಕೂಗಿ ನಗುತ್ತಿದ್ದೆ. ಆ ನಗು ಕೇಳಿಯೇ ಪುತ್ತಾಕಣ್ಣ ನಿನ್ನನ್ನು ಕಟ್ಟಿಕೊಂಡದ್ದು ಎಂದು ಅವ್ವ ಈಗಲೂ ಹೇಳುತ್ತಾಳೆ.

ಅವ್ವ ಚೆನ್ನಾಗಿದ್ದಾಳೆ. ಹಲ್ಲಿಲ್ಲ, ಮಾತಿದೆ. ಅಲ್ಲಿರುವ ಅಣ್ಣಂದಿರಿಬ್ಬರಿಗೂ ಹೇಳು, ಕಾಗದದ ಕೊನೆಗೆ ಅವರ ಕೈಯಿಂದ ಒಂದು ಸಾಲಾದರೂ ಬರಲಿ. ಪೆನ್ಸಿಲ್ ಏನೂ ಕಚ್ಚುವುದಿಲ್ಲ.

ನಿನ್ನ ಸಾಲೊಮಿನೆ

ಸ್ಕೋರ್ಸ್‌ಬಿ ಕೊಲ್ಲಿ
20 ಆಗಸ್ಟ್ 1931

ಸಾಲೊಮಿನೆ,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಮೂರನೆಯ ಸಲ ಓದಲಾಗಲಿಲ್ಲ.

ಹೋದ ಅಕ್ಟೋಬರಿನಲ್ಲಿ ಅಣ್ಣ ತಮ್ಮ ಇಬ್ಬರೂ ಕೊಲ್ಲಿಯ ಬಾಯಿಗೆ ವಾಲ್ರಸ್ ಬೇಟೆಗೆ ಹೋದರು. ಗಾಳಿ ದಿಕ್ಕು ಬದಲಿಸಿತು, ಮಂಜುಗಡ್ಡೆ ಒಡೆಯಿತು. ಒಬ್ಬ ವಾಪಸು ಬಂದ. ಇನ್ನೊಬ್ಬನನ್ನು ಕಡಲು ಕೊಂಡುಹೋಯಿತು. ಕಯಾಕ್ ದೋಣಿಗಳು ನಾಲ್ಕು ದಿನ ಹುಡುಕಿದವು.

ಹೋದವರ ಹೆಸರನ್ನು ಒಂದು ಕೂಸು ಹೊರುವ ತನಕ ನಾಲಗೆಗೆ ತರಬಾರದು. ನನ್ನ ಪೆನ್ಸಿಲಿಗೂ ಅದು ಬರುತ್ತಿಲ್ಲ. "ಇನ್ನೂ ಅದೇ ಹಳೇ ಕಟ್ಟುಪಾಡೇನಮ್ಮಾ?" ಎಂದು ಪಾದ್ರಿ ಕೇಳುತ್ತಾರೆ. ಕೇಳಲಿ. ಯಾರು ಹೋದರೆಂದು ನಿಮಗೆ ತಿಳಿಯದೆ ಇರುವುದಿಲ್ಲ.

ಅತ್ತೆಗೆ ಮೊದಲು ಕಾಫಿ ಕುಡಿಸಿ, ಆಮೇಲೆ ಹೇಳು. ನಿನಗೆ ಕೂಸಾದರೆ ಹೆಸರನ್ನು ಮರೆಯಬೇಡ. ಒಂದು ಮೈ ಸಿಗುವ ತನಕ ಅದು ಚಳಿಯಲ್ಲಿ ಹೊರಗೇ ನಿಂತಿರುತ್ತದೆ. ನನಗಂತೂ ಮಕ್ಕಳಿಲ್ಲ.

ಯುಸ್ತಿನೆ

ಅಮ್ಮಸ್ಸಾಲಿಕ್
9 ಆಗಸ್ಟ್ 1932

ಅತ್ತಿಗೆ,

ಅಳುತ್ತಲೇ ಬರೆಯುತ್ತಿದ್ದೇನೆ, ಅಕ್ಷರ ಹರಡಿದ್ದರೆ ಬೈಯಬೇಡ.

ಯಾರೆಂದು ಕೇಳುವ ಹಾಗೇ ಇರಲಿಲ್ಲ. ಕಾಗದ ಓದಿ ಹೇಳುತ್ತಿದ್ದಂತೆ ಅವ್ವ "ಅಯ್ಯೋ ನನ್ನ ದೊಡ್ಡ ಮಗನೇ" ಎಂದು ಎದೆ ಹಿಡಿದುಕೊಂಡಳು. ಕುಂಟು ಮೊಣಕಾಲು ಇಟ್ಟುಕೊಂಡು ಮಂಜಿನ ಮೇಲೆ ಹೋಗಬೇಡವೆಂದು ಎಷ್ಟು ಹೇಳಿದ್ದಳು. ಪುತ್ತಾಕಣ್ಣನನ್ನಂತೂ ಮಂಜು ಮುಟ್ಟುವುದಿಲ್ಲ, ಅದು ಊರಿಗೇ ಗೊತ್ತು.

ಈಗ ಕೇಳು. ನನಗೆ ಗಂಡು ಕೂಸು ಹುಟ್ಟಿದೆ! ಈ ವಯಸ್ಸಿನಲ್ಲಿ, ನನಗೇ ನಾಚಿಕೆ. ಇದೇ ಕೊನೆಯದೆಂದು ಸೂಲಗಿತ್ತಿ ಹೇಳಿಯಾಗಿದೆ. ಹಡಗು ಬರುವುದಕ್ಕೆ ಮೂರು ದಿನ ಮುಂಚೆ ಹುಟ್ಟಿ, ಹೆಸರಿಲ್ಲದೆ ಒಂದೇ ಸಮನೆ ಚೀರುತ್ತಿತ್ತು. ನಿನ್ನ ಕಾಗದ ಓದಿದ ದಿನವೇ ಅವ್ವ ಬೆರಳನ್ನು ನೀರಿನಲ್ಲಿ ಅದ್ದಿ, ಅದರ ತುಟಿಗೆ ಹಚ್ಚಿ, "ಎನೋಕ್" ಎಂದಳು. ತಟ್ಟನೆ ಅಳು ನಿಂತಿತು. ನನ್ನಾಣೆ. "ಬಂದ್ಯಾ ಮಗನೇ? ಕಾಲು ನೋಯ್ತಿದೆಯಾ?" ಎಂದು ಅವ್ವ ಅಂಗೈಯಗಲದ ಕೂಸಿನ ಎಡ ಮೊಣಕಾಲು ತಿಕ್ಕುತ್ತ ಕೂತಳು. ಈಗಲೂ ಅಲ್ಲೇ ಕೂತಿದ್ದಾಳೆ.

ಹೆಸರು ಹೊರಗೆ ಚಳಿಯಲ್ಲಿಲ್ಲ ಅತ್ತಿಗೆ, ನನ್ನ ಮಡಿಲಲ್ಲಿದೆ. ಪುತ್ತಾಕಣ್ಣನಿಗೆ ಹೇಳು. ಅಣ್ಣನನ್ನು ಉಳಿಸಿಕೊಳ್ಳಲಾಗಲಿಲ್ಲವೆಂದು ಕೊರಗುತ್ತಿರಬೇಕು, ಅದಕ್ಕೇ ತಾನೇ ಒಂದು ಸಾಲೂ ಬರೆದಿಲ್ಲ? ಅವನ ತಪ್ಪಲ್ಲ ಎನ್ನು. ಅವನಿಗಿಷ್ಟವೆಂದು ಒಣಮೀನಿನ ಗಂಟು ಕಳಿಸಿದ್ದೇನೆ. ನೀನೇ ಮುಗಿಸಿಬಿಡಬೇಡ.

ಸಾಲೊಮಿನೆ

ಸ್ಕೋರ್ಸ್‌ಬಿ ಕೊಲ್ಲಿ
18 ಆಗಸ್ಟ್ 1933

ಸಾಲೊಮಿನೆ,

ಈ ಕಾಗದವನ್ನು ಹಡಗಿಗೆ ಕೊಡುವುದಿಲ್ಲವೆಂದು ಬರೆಯಲು ಕೂರುವಾಗಲೇ ನನಗೆ ಗೊತ್ತಿದೆ. ಆದರೂ ಬರೆಯುತ್ತೇನೆ.

ಹೋದವನು ಎನೋಕ್ ಅಲ್ಲ. ಎನೋಕ್ ಭಾವ ಈಗ ನನ್ನ ಕಿಟಕಿಯ ಹೊರಗೆ ನಾಯಿಗಳಿಗೆ ಮಾಂಸ ಕತ್ತರಿಸುತ್ತಿದ್ದಾನೆ. ಹೋದವನು ನನ್ನ ಗಂಡ.

ನಾನು ದಡದಿಂದಲೇ ನೋಡಿದೆ. ಮಂಜು ಬಿರುಕು ಬಿಟ್ಟಾಗ ಅವನು ಗಟ್ಟಿ ನೆಲಕ್ಕೆ ಹಾರಿ ಆಗಿತ್ತು. ಭಾವ ಆಚೆ ಉಳಿದಿದ್ದ, ಮೊಣಕಾಲು ಹಿಡಿದುಕೊಂಡು. ಇವನು ವಾಪಸು ಹಾರಿದ. ಅಣ್ಣನನ್ನು ಎತ್ತಿ, ಭುಜ ಕೊಟ್ಟು, ಈಚೆಗೆ ದಬ್ಬಿದ. ಅಷ್ಟರಲ್ಲಿ ನೀರು ಅಗಲವಾಯಿತು. ಯಾರೂ ಹಾರಲಾರದಷ್ಟು ಅಗಲ. ಅವನು ಕೂಗಲಿಲ್ಲ, ಕೈ ಬೀಸಲಿಲ್ಲ. ಕೂತುಕೊಂಡು ಪೈಪ್ ಹಚ್ಚಿದ. ನಾನು ಹೆದರಬಾರದೆಂದು. ನಾನು ಕರೆದಾಗ ಪೈಪ್ ಎತ್ತಿ ತೋರಿಸಿದ. ಗಾಳಿ ಅವನನ್ನು ನಿಮ್ಮ ಕಡೆಗೆ, ದಕ್ಷಿಣಕ್ಕೆ ಕೊಂಡುಹೋಯಿತು.

ಭಾವನೊಂದಿಗೆ ನಾನು ಮಾತು ಬಿಟ್ಟು ಮೂರು ವರ್ಷವಾಗುತ್ತ ಬಂತು. ಮೊದಲ ಕಾಗದದಲ್ಲಿ ಒಬ್ಬನ ಹೆಸರನ್ನು ಕಟ್ಟುಪಾಡಿಗೆ ಬರೆಯಲಿಲ್ಲ, ಇನ್ನೊಬ್ಬನ ಹೆಸರನ್ನು ಸಿಟ್ಟಿಗೆ ಬರೆಯಲಿಲ್ಲ. ನೀವು ತಪ್ಪು ತಿಳಿದದ್ದು ಹಾಗೆ.

ಇಲ್ಲಿ ಈಗ ಆ ಮಾತನ್ನು ಯಾರೂ ಆಡುವುದಿಲ್ಲ. ಅವನ ಹೆಸರೂ ಅದೇ, ಕಡಲ ಮೇಲೆ ಚಪ್ಪಟೆಯಾಗಿ ತೇಲುವ ಅದರ ಹೆಸರೂ ಅದೇ. ಹಾಗಾಗಿ ಊರಿನ ಮುದುಕಿಯರು ಸೇರಿ ಅದಕ್ಕೆ 'ಹೋಗುವುದು' ಎಂದು ಹೊಸ ಮಾತು ಮಾಡಿದರು. "ಇವತ್ತು ಹೋಗೋದು ಜಾಸ್ತಿ ಇದೆ, ಕಯಾಕ್ ಇಳಿಸ್ಬೇಡ" ಎನ್ನುತ್ತಾರೆ. ಈಚೆಗೆ ಮಾತು ಕಲಿತ ಮಕ್ಕಳಿಗೆ ಹಳೆಯ ಮಾತೇ ಗೊತ್ತಿಲ್ಲ.

ನಿನ್ನ ಕಾಗದದಲ್ಲಿ ಅದು ಎಷ್ಟು ಸಲ ಇದೆ! ಅವನಿಗೆ ಹೇಳು, ಅವನಿಗೆ ಮೀನು ಕೊಡು. ನಿನ್ನ ಊರಿನಲ್ಲಿ ಅವನು ಬದುಕಿದ್ದಾನೆ. ಅವನನ್ನು ನೀವು ಬೈಯುತ್ತೀರಿ, ನೆನೆದು ನಗುತ್ತೀರಿ. ಸತ್ತವನು ಎನೋಕ್. ಓದಿದಾಗ ನನಗೆ ಸಂತೋಷವಾಯಿತು, ಸಾಲೊಮಿನೆ. ಆಗಬೇಕಾದದ್ದು ಒಂದು ಊರಿನಲ್ಲಾದರೂ ಆಯಿತಲ್ಲ ಎನ್ನಿಸಿತು. ಇಂಥ ಮಾತನ್ನು ಯಾವ ಹಡಗಿನಲ್ಲಿ ಕಳಿಸಲಿ?

ಸ್ಕೋರ್ಸ್‌ಬಿ ಕೊಲ್ಲಿ
18 ಆಗಸ್ಟ್ 1933

ಸಾಲೊಮಿನೆ,

ಕೂಸು ಹುಟ್ಟಿದ್ದು ಕೇಳಿ ಸಂತೋಷವಾಯಿತು. ಚೆನ್ನಾಗಿ ನೋಡಿಕೋ. ಮೀನು ತಲುಪಿತು. ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಅತ್ತೆಗೆ ನಮಸ್ಕಾರ. ಹೋದ ಸಲದಂತೆ ಎಲ್ಲ ಸುದ್ದಿಯನ್ನೂ ಉದ್ದವಾಗಿ ಬರೆ. ಎಲ್ಲರ ಬಗ್ಗೆಯೂ ಬರೆ.

ಯುಸ್ತಿನೆ

ಅಮ್ಮಸ್ಸಾಲಿಕ್
14 ಆಗಸ್ಟ್ 1934

ಅತ್ತಿಗೆ,

ಅದೇನು ಕಾಗದವೋ ಚೀಟಿಯೋ? ಎರಡು ವರ್ಷ ಕಾದದ್ದಕ್ಕೆ ಏಳು ಸಾಲು! ಪುತ್ತಾಕಣ್ಣನಂತೂ ಆ ಏಳರಲ್ಲಿ ಎಲ್ಲೂ ಇಲ್ಲ. ಮೀನು ತಿಂದು ಮೀಸೆ ಒರೆಸಿಕೊಂಡು ಕೂತಿದ್ದಾನೇನು? ಹೇಳು ಅವನಿಗೆ, ತಂಗಿ ಮುನಿದಿದ್ದಾಳೆ, ಇನ್ನು ಮೀನಿನ ಬಾಲವೂ ಇಲ್ಲ ಎಂದು.

ಪುಟ್ಟ ಎನೋಕ್‌ಗೆ ಎರಡು ತುಂಬಿತು. ನೋಡಿದರೆ ನೀನು ಬಿದ್ದು ಬಿದ್ದು ನಗುತ್ತೀಯ. ಎಲ್ಲಿ ಹೋದರೂ ಕೈಯಲ್ಲೊಂದು ಕೋಲು, ಹೊಸಿಲು ದಾಟುವ ಮುಂಚೆ ನೆಲ ಕುಟ್ಟಿ ನೋಡುತ್ತಾನೆ. ಯಾರೂ ಹೇಳಿಕೊಟ್ಟಿದ್ದಲ್ಲ. ಅವ್ವ ಅವನನ್ನು "ದೊಡ್ಡೋನೇ" ಎಂದೇ ಕರೆಯುವುದು. ನಾನು ಗದರಿದರೆ "ನಿಮ್ಮಣ್ಣನ್ನ ಹಾಗೆಲ್ಲ ಅನ್ಬೇಡ್ವೇ" ಎಂದು ನನಗೇ ಗದರುತ್ತಾಳೆ.

ಅವ್ವನಿಗೆ ವಯಸ್ಸಾಯಿತು ಅತ್ತಿಗೆ. ನಿನ್ನ ಚೀಟಿಯನ್ನು ಮೂರು ಸಲ ಓದಿಸಿಕೊಂಡಳು. "ಹಾಳೇಲಿ ಇನ್ನೂ ಜಾಗ ಇದೆಯೇನೇ?" ಎಂದು ಕೇಳಿದಳು. ಇದೆ ಎಂದೆ. ಎದ್ದು ಹೋಗಿ ದಡದಲ್ಲಿ ಕೂತಳು. ಈ ಸಲ ಹಡಗು ಬಂದು ವಾರವಾಯಿತು, ಅಂದಿನಿಂದ ಅವಳಿಗೆ ಮಾತು ಮರೆಯುತ್ತಿದೆ. ಪುತ್ತಾಕ್ ಎನ್ನುವ ಬದಲು 'ಬರುವುದು' ಎನ್ನುತ್ತಾಳೆ. "ನೋಡೇ, ಬರೋದು ಬಂತು" ಎನ್ನುತ್ತಾಳೆ. ಏನವ್ವಾ ಅದು ಎಂದರೆ ಕಡಲ ಕಡೆ ಕೈ ತೋರಿಸುತ್ತಾಳೆ. ಒಂದೊಂದನ್ನೂ ದಾಟಿಹೋಗುವ ತನಕ ನೋಡುತ್ತಾಳೆ. ನನಗೆ ಅದೇ ಚಿಂತೆ, ಬೇರೆಲ್ಲ ಚೆನ್ನಾಗಿದ್ದೇವೆ.

ಸಾಲೊಮಿನೆ

ಸ್ಕೋರ್ಸ್‌ಬಿ ಕೊಲ್ಲಿ
22 ಆಗಸ್ಟ್ 1935

ಸಾಲೊಮಿನೆ,

ಇದರ ಜೊತೆ ಎರಡು ವರ್ಷದ ಹಿಂದೆ ಬರೆದು ಕಳಿಸದೆ ಇಟ್ಟ ಕಾಗದವಿದೆ. ಮೊದಲು ಅದನ್ನು ಓದು. ಆಮೇಲೆ ಇದನ್ನು.

ಓದಿದೆಯಾ? ಬೈಯುವುದಿದ್ದರೆ ಆಮೇಲೆ ಬೈಯುವೆಯಂತೆ, ಈಗ ಕೇಳು. ಹೋದ ವರ್ಷ ಹಡಗಿನಲ್ಲಿ ನಿಮ್ಮೂರಿನವನೊಬ್ಬ ಕೋಪನ್‌ಹೇಗನ್ ಸುತ್ತಿ ಬಂದಿದ್ದ. ದಡದಲ್ಲಿ ಭಾವನನ್ನು ಕಂಡವನೇ ಬಿಳಿಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ನೀನು... ನೀನು ಸತ್ತಿಲ್ವಾ? ಅಲ್ಲಿ ನಿನ್ನ ಹೆಸರು ಕೂಸಿಗಿಟ್ಟು ಆಯ್ತಲ್ಲೋ!" ಎಂದ. ಸುತ್ತ ಇದ್ದವರೆಲ್ಲ ನಕ್ಕರು. ಭಾವ ನಗಲಿಲ್ಲ. "ಹೌದಾ? ಹಾಗಾದ್ರೆ ಸರಿಯಾಗೇ ಮಾಡಿದಾರೆ" ಎಂದು ಹೇಳಿ ಮನೆಗೆ ಬಂದ.

ಅಂದಿನಿಂದ ಹೆಸರು ಹಿಡಿದು ಕರೆದರೆ ಓಗೊಡುವುದಿಲ್ಲ. ನಾಯಿಗಳನ್ನು ಹಂಚಿಬಿಟ್ಟ. ಸೀಲ್ ಹಂಚುವಾಗ ತನ್ನ ಪಾಲಿಗೆ ಕೈ ಚಾಚುವುದಿಲ್ಲ. ಸತ್ತವರಿಗೆ ಪಾಲೆಲ್ಲಿ ಎಂದು ಅವನ ಲೆಕ್ಕ. ಈ ವಸಂತದಲ್ಲಿ ಮಂಜಿನ ಅಂಚಿಗೆ ಹೋಗಿ ಕೂರಲು ಶುರುಮಾಡಿದ. ಕೋಲು ಮನೆಯಲ್ಲೇ ಬಿಟ್ಟು ಹೋಗುತ್ತಾನೆ, ಸಾಲೊಮಿನೆ. ಕುಟ್ಟಿ ನೋಡದೆ ಕಾಲಿಡುತ್ತಾನೆ. ಒಂದು ದಿನ ಅದನ್ನು ಕಣ್ಣಾರೆ ಕಂಡೆ. ಅವನು ಸಾಯಲಿ ಎಂದು ನಾನೇ ಬಯಸಿದ್ದೆನಲ್ಲ, ಈಗ ಅವನು ನನ್ನ ಮಾತು ನಡೆಸಿಕೊಡಲು ಹೊರಟಂತೆ ಕಂಡಿತು. ಓಡಿಹೋಗಿ ತೋಳು ಹಿಡಿದು ಎಳೆದುತಂದೆ. ಆಗಲೂ ಮಾತಾಡಲು ಬಾಯಿ ಬರಲಿಲ್ಲ.

ಅವನು ಕೇಳುವುದಾದರೆ ಅತ್ತೆಯ ಮಾತೊಂದೇ. ಆಕೆ ಏನು ಹೇಳುತ್ತಾಳೋ ಅದನ್ನು ಅಕ್ಷರ ಬಿಡದೆ ಬರೆದು ಕಳಿಸು. ಉತ್ತರ ಬರುವುದಕ್ಕೆ ಎರಡು ಚಳಿಗಾಲ ಬೇಕು. ಅಲ್ಲಿಯ ತನಕ ಅವನನ್ನು ಹೇಗಾದರೂ ಹಿಡಿದಿಟ್ಟುಕೊಳ್ಳುತ್ತೇನೆ.

ಯುಸ್ತಿನೆ

ಅಮ್ಮಸ್ಸಾಲಿಕ್
11 ಆಗಸ್ಟ್ 1936

ಅತ್ತಿಗೆ,

ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಇಲ್ಲದ ಅಣ್ಣನಿಗೆ ನಾನು ಮೀನು ಕಟ್ಟಿ ಕಳಿಸಿದೆ, ಮುನಿಸಿಕೊಂಡು ಬರೆದೆ. ನೀನು ಓದಿಕೊಂಡು ಸುಮ್ಮನಿದ್ದೆ. ಮಧ್ಯಾಹ್ನವೆಲ್ಲ ಬೈದೆ. ಸಂಜೆಯ ಹೊತ್ತಿಗೆ ಅನ್ನಿಸಿತು, ಅವನು ಆರು ವರ್ಷ ಹೆಚ್ಚಿಗೆ ನಮ್ಮ ಬಾಯಲ್ಲಿ ಬದುಕಿದ್ದ. ಅದು ನೀನು ಕೊಟ್ಟದ್ದು. ಬೇಡವೆನ್ನಲು ನನ್ನಿಂದಾಗದು.

ಅವ್ವನಿಗೆ ಕಾಫಿ ಕುಡಿಸಿ ಹೇಳಲು ಕೂತೆ. "ಗೊತ್ತು ಬಿಡೇ" ಎಂದಳು. ಎರಡು ವರ್ಷದಿಂದ ಗೊತ್ತಂತೆ. ಹೇಗವ್ವಾ ಎಂದೆ. "ಬದುಕಿರೋ ಗಂಡನ್ನ ಒಂದು ಸಲಾನೂ ಬೈಯದೆ ಯಾವ ಹೆಂಡ್ತಿ ಎರಡು ಕಾಗದ ಬರೀತಾಳೆ?" ಎಂದಳು. ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ರೆ ನಿಜ ಆಗೋಗ್ತಿತ್ತಲ್ಲ" ಎಂದಳು. ಮಾತು ಮರೆತಳೆಂದು ನಾನು ತಿಳಿದದ್ದು ಎಂಥ ದಡ್ಡತನ. ಊರಿಗೆ ಊರೇ ಆ ಮಾತಾಡುತ್ತಿದ್ದಾಗ ಇವಳೊಬ್ಬಳೇ ಅದನ್ನು ಬಿಟ್ಟು, ದಡದಲ್ಲಿ ಕೂತು, ಬರುವುದನ್ನು ಕಾಯುತ್ತಿದ್ದಳು.

ಕೂಸಿನಿಂದ ಎನೋಕನ ಹೆಸರನ್ನು ಕಿತ್ತುಕೊಳ್ಳುವಂತಿಲ್ಲ, ಕಿತ್ತರೆ ಅದು ಕಾಯಿಲೆ ಬೀಳುತ್ತದೆ. ನನಗೆ ಇನ್ನೊಂದು ಕೂಸಾಗುವುದಿಲ್ಲ. ನಾನು ಅಳುತ್ತ ಕೂತಿದ್ದರೆ ಅವ್ವ ನಾಲ್ಕು ವರ್ಷದ ಹುಡುಗನನ್ನು ಹಿಡಿದು ನಿಲ್ಲಿಸಿ, ಬೆರಳಿಗೆ ನೀರು ಮುಟ್ಟಿಸಿ, ಅವನ ತುಟಿಗೆ ಹಚ್ಚಿ, "ಪುತ್ತಾಕ್" ಎಂದಳು. ಎರಡು ವರ್ಷದ ಮೇಲೆ. ಗಟ್ಟಿಯಾಗಿಯೇ ಹೇಳಿದಳು. ಈಗ ಅವನೊಬ್ಬನೊಳಗೆ ಅಣ್ಣ ತಮ್ಮ ಇಬ್ಬರೂ ಇದ್ದಾರೆ. ಕಳ್ಳ ಅದರ ಲಾಭ ಆಗಲೇ ಕಂಡುಕೊಂಡ. ನಿನ್ನೆ ದೀಪದ ಎಣ್ಣೆ ಚೆಲ್ಲಿದ. ಯಾರು ಚೆಲ್ಲಿದ್ದು ಎಂದರೆ "ನಾನಲ್ಲ, ಎನೋಕ್ ಚೆಲ್ಲಿದ್ದು" ಎಂದ. ಸ್ವಲ್ಪ ಹೊತ್ತಿಗೆ ತಿಮಿಂಗಿಲದ ತೊಗಲು ಹಂಚಿದೆ. ಒಂದು ತುಂಡು ನುಂಗಿ ಮತ್ತೆ ಕೈ ಒಡ್ಡಿ "ಅದು ಪುತ್ತಾಕ್‌ದು, ಎನೋಕ್‌ಗೆ ಇನ್ನೂ ಕೊಟ್ಟಿಲ್ಲ" ಎಂದ.

ಇನ್ನು ಅವ್ವನ ಮಾತು. ಅವಳು ಹೇಳಿದಂತೆಯೇ ಬರೆದಿದ್ದೇನೆ, ಹಾಗೇ ಓದಿ ಹೇಳು:

"ಎನೋಕಾ, ನಿಮ್ಮವ್ವ ಹೇಳ್ತಿದೀನಿ. ನೀನು ಸತ್ತೆ ಅಂತ ಅತ್ತೋಳು ನಾನು, ಸತ್ತಿಲ್ಲ ಅಂತ ಹೇಳೋಳೂ ನಾನೇ. ನಿನ್ನ ತಮ್ಮ ಭುಜ ಕೊಟ್ಟು ನಿನ್ನ ಈಚೆಗೆ ತಂದ. ಅವನು ಎತ್ತಿ ಹಾಕಿದ್ದನ್ನ ನೀನು ವಾಪಸ್ ನೀರಿಗೆ ಹಾಕ್ತೀಯೇನೋ? ನಾಚ್ಕೆ ಆಗಲ್ವಾ? ನಿನ್ನ ಪಾಲು ಇಸ್ಕೊಂಡು ತಿನ್ನು. ಯುಸ್ತಿನೆ ಮಾತಾಡ್ಸಿಲ್ಲ ಅಂದ್ರೆ ನೀನೇ ಮಾತಾಡ್ಸು. ಹೆಂಗಸ್ರು ಎಷ್ಟೂಂತ ಬಾಯಿ ಮುಚ್ಕೊಂಡಿರ್ತಾರೆ, ಪಾಪ."

ಈ ಕಾಗದ ನಿನಗೆ ಸಿಗುವಾಗ ಅವನು ಇದ್ದಾನೋ ಇಲ್ಲವೋ ತಿಳಿಯದು. ಇದ್ದಾನೆ ಎಂದೇ ಬರೆದಿದ್ದೇನೆ.

ಸಾಲೊಮಿನೆ

ಸ್ಕೋರ್ಸ್‌ಬಿ ಕೊಲ್ಲಿ
25 ಆಗಸ್ಟ್ 1937

ಸಾಲೊಮಿನೆ,

ಹಡಗು ಬಂದ ದಿನ ಭಾವ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಮೈಯಲ್ಲಿ ಮೂಳೆ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಈ ಎರಡು ಚಳಿಗಾಲ ಅವನನ್ನು ಹೇಗೆ ಉಳಿಸಿಕೊಂಡೆನೆಂದು ಕೇಳಬೇಡ. ಸಾರನ್ನು ಅವನ ಪಕ್ಕ ಇಟ್ಟು ಆಚೆ ಹೋಗುತ್ತಿದ್ದೆ. ಕೆಲವು ದಿನ ಕುಡಿಯುತ್ತಿದ್ದ, ಕೆಲವು ದಿನ ಇಲ್ಲ.

ಅವನ ಬೆನ್ನಿನ ಹಿಂದೆ ಕೂತು ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ಅತ್ತೆಯ ಮಾತು ಓದುವಾಗ ಅವನ ಭುಜ ಅಲುಗಿತು. ಅಳುತ್ತಿದ್ದಾನೆಂದು ನಿಲ್ಲಿಸಿದೆ. "ಆ ಎಣ್ಣೆ ಚೆಲ್ಲಿದ್ದು ಇನ್ನೊಂದ್ಸಲ ಓದು" ಎಂದ. ಓದಿದೆ. ನಗುತ್ತಿದ್ದ. "ಎಲ್ಲಾ ಕೆಟ್ಟದ್ದೂ ನನ್ನ ತಲೆಗೇ ಕಟ್ತಾನಾ? ನನ್ನ ತಮ್ಮನೇ, ಸಂದೇಹವೇ ಇಲ್ಲ" ಎಂದ. ಎದ್ದು ಕೂತು ಮಾಂಸ ಕೇಳಿದ.

ಅವನು ತಿನ್ನುವುದನ್ನು ನೋಡುತ್ತ ನಾನೇ ಮೊದಲು ಮಾತಾಡಿದೆ. "ಭಾವಾ, ಅವತ್ತು ನಿನ್ನ ಎತ್ತಿ ದಾಟಿಸ್ವಾಗ ಏನಾದ್ರೂ ಹೇಳಿದ್ನಾ?" ಭಾವ ಅಗಿಯುವುದನ್ನು ನಿಲ್ಲಿಸಿದ. "ಹೇಳಿದ. ನಿನಗೇ ಹೇಳು ಅಂತ ಹೇಳಿದ. ನೀನು ನನ್ನ ಹತ್ರ ಮಾತೇ ಆಡ್ಲಿಲ್ವಲ್ಲ." ಏನು ಎಂದೆ. "'ಬೇಗ ಹೋಗು, ನಾನು ಹಿಂದೇನೇ ಬರ್ತೀನಿ. ಕಾಫಿಗೆ ನೀರಿಡೋಕೆ ಹೇಳು ಯುಸ್ತಿನೆಗೆ' ಅಂದ."

ಏಳು ವರ್ಷ, ಸಾಲೊಮಿನೆ. ನಿನ್ನ ಕಾಗದಗಳೇ ತಡವೆಂದು ಗೊಣಗುತ್ತಿದ್ದೆ, ಈ ಮಾತು ಒಂದೇ ಸೂರಿನ ಕೆಳಗೆ ಏಳು ವರ್ಷ ಕಾಯುತ್ತ ಕೂತಿತ್ತು. ನಾನು ಎದ್ದು ನೀರಿಟ್ಟೆ. ಇಬ್ಬರೂ ಕುಡಿದೆವು. ಆಮೇಲೆ ನಾನು ತುಂಬ ಅತ್ತೆ. ಅವನ ಹೆಸರು ಕರೆದು ಅತ್ತೆ. ಈಗ ಕರೆಯಬಹುದಲ್ಲ. ಪುತ್ತಾಕ್, ಪುತ್ತಾಕ್ ಎಂದು ಸಾಕಾಗುವಷ್ಟು ಸಲ ಕರೆದೆ. ಪಕ್ಕದ ಮನೆಯ ಹುಡುಗಿ ಬಂದು ಹಾಗೆಂದರೇನು ಎಂದು ಕೇಳಿದಳು. ಕೈ ಹಿಡಿದು ದಡಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ.

ಈ ಸಲ ಹಡಗು ಇಲ್ಲಿಂದ ನೇರವಾಗಿ ನಿಮ್ಮ ಊರಿಗೇ ಬರುತ್ತದೆ. ಹಾಗಾಗಿ ಈ ಕಾಗದ ಕೋಪನ್‌ಹೇಗನ್ ಸುತ್ತುವುದಿಲ್ಲ. ಇದನ್ನು ನಿನ್ನ ಕೈಗೆ ಕೊಟ್ಟವನು ಸೊರಗಿದ್ದಾನೆ, ತಲೆ ಪೂರಾ ನರೆತಿದೆ, ನಿನಗೆ ಗುರುತು ಸಿಗಲಿಕ್ಕಿಲ್ಲ. ಮೊದಲ ಸಲ ನಾನು ಹೆಸರು ಬರೆಯದೆ ನಿಮ್ಮನ್ನೆಲ್ಲ ಅಳಿಸಿದೆ. ಈ ಸಲ ಬರೆಯುತ್ತಿದ್ದೇನೆ. ಎನೋಕ್ ಬಂದಿದ್ದಾನೆ. ಓದಿದ್ದು ಸಾಕು, ಅವನನ್ನು ಅತ್ತೆಯ ಹತ್ತಿರ ಕರೆದುಕೊಂಡು ಹೋಗು.

ಯುಸ್ತಿನೆ